ವಿಮಾನದ 'ಫ್ಯಾಮಿಲಿ': ಕುಟುಂಬವೋ, ಬಳಗವೋ, ತಳಿಯೋ?

ಗೆಳೆಯರೇ, ನಮಸ್ಕಾರ.

ಯುರೋಪಿನ ಏರ್‌ಬಸ್ ಕಂಪನಿಯ ಎ320 ವಿಮಾನಗಳ ಬಗ್ಗೆ ಕನ್ನಡದಲ್ಲಿ ಒಂದು ಬರಹ ಬರೆಯುತ್ತಿದ್ದೇನೆ. ಅವು ಹೇಗೆ ಹುಟ್ಟಿದವು, ಹೇಗೆ ಬೆಳೆದವು, ಅವನ್ನು ಕಟ್ಟಿರುವ ಬಗೆ ಏನು ಅಂತ. ವಿಷಯ ಸಾಕಷ್ಟು ಓದಿಕೊಂಡಿದ್ದೆ, ಎರಡು ದಿನದ ಕೆಲಸ ಅಂದುಕೊಂಡಿದ್ದೆ. ಮೊದಲ ವಾಕ್ಯದಲ್ಲೇ ಗಾಡಿ ಹೂತುಕೊಂಡಿತು. 'ಎ320 ಅಂದರೆ ಒಂದು ವಿಮಾನ ಅಲ್ಲ, ಒಂದು ಫ್ಯಾಮಿಲಿ' ಅನ್ನುವುದು ಆ ವಾಕ್ಯ. ಈ 'ಫ್ಯಾಮಿಲಿ'ಗೆ ಏನು ಬರೆಯಲಿ?

ಪದ ಕೇಳುವ ಮೊದಲು ವಸ್ತು ಏನು ಅಂತ ಹೇಳಿಬಿಡುತ್ತೇನೆ. ಏರ್‌ಬಸ್ ಈ ಯೋಜನೆಗೆ ಕೈ ಹಾಕಿದ್ದು 1984ರ ಮಾರ್ಚ್‌ನಲ್ಲಿ. ಮೊದಲ ಹಾರಾಟ 1987ರ ಫೆಬ್ರವರಿ 22ರಂದು, ಫ್ರಾನ್ಸಿನ ಟುಲೂಸ್‌ನಲ್ಲಿ. ಮರುವರ್ಷ ಏಪ್ರಿಲ್‌ನಲ್ಲಿ ಏರ್ ಫ್ರಾನ್ಸ್ ಅದರಲ್ಲಿ ಪ್ರಯಾಣಿಕರನ್ನು ಕೂರಿಸಿಕೊಂಡು ಹಾರಿತು. ಉದ್ದ 37.57 ಮೀಟರ್. ಆಮೇಲೆ ಅದನ್ನೇ ಉದ್ದ ಮಾಡಿ ಎ321 ತಂದರು: 44.51 ಮೀಟರ್, ಮೊದಲ ಹಾರಾಟ 1993ರಲ್ಲಿ. ಗಿಡ್ಡ ಮಾಡಿ ಎ319 ತಂದರು: 33.84 ಮೀಟರ್, 1995ರಲ್ಲಿ. ಇನ್ನೂ ಗಿಡ್ಡ ಮಾಡಿದಾಗ ಎ318 ಆಯಿತು: 31.44 ಮೀಟರ್, 2002ರಲ್ಲಿ. ನಾಲ್ಕಕ್ಕೂ ಒಡಲಿನ ಅಗಲ ಒಂದೇ, 3.95 ಮೀಟರ್. ರೆಕ್ಕೆ ಹೆಚ್ಚುಕಡಿಮೆ ಒಂದೇ. ಕಾಕ್‌ಪಿಟ್ ಒಂದೇ. ಒಂದನ್ನು ಹಾರಿಸುವ ಪರವಾನಗಿ ಇರುವ ಪೈಲಟ್ ಉಳಿದ ಮೂರನ್ನೂ ಹಾರಿಸಬಹುದು. ವಿಮಾನ ಕಂಪನಿಗಳಿಗೆ ಬೇಕಾಗಿದ್ದು ಇದೇ. ಜನ ಕಡಿಮೆ ಇರುವ ದಾರಿಗೆ ಚಿಕ್ಕದು, ಜಾಸ್ತಿ ಇರುವ ದಾರಿಗೆ ದೊಡ್ಡದು, ಆದರೆ ಪೈಲಟ್, ಮೆಕ್ಯಾನಿಕ್, ಬಿಡಿಭಾಗ ಎಲ್ಲ ಅವೇ.

ಈಗ ಪದಗಳಿಗೆ ಬರೋಣ.

'ಕುಟುಂಬ' ಅಂತ ಬರೆದರೆ ತಪ್ಪಿಲ್ಲ. ಗಿಡಮರಗಳಿಗೆ ಬಳಸುತ್ತೇವೆ, ದ್ರಾವಿಡ ಭಾಷಾ ಕುಟುಂಬ ಅನ್ನುತ್ತೇವೆ. ಆದರೆ ಓದುವಾಗ ನನಗೆ ಕಣ್ಣ ಮುಂದೆ ಬರುವುದು ಅಪ್ಪ, ಅಮ್ಮ, ಮಕ್ಕಳು. ವಿಮಾನದಲ್ಲಿ ಅಪ್ಪ ಯಾರು? ಮೊದಲು ಹುಟ್ಟಿದ ಎ320 ಗಾತ್ರದಲ್ಲಿ ನಡುವಿನದು. ಅದರ ಹಿಂದೆ ಹುಟ್ಟಿದ ಎ321 ಅದಕ್ಕಿಂತ ಉದ್ದ. (ಹಳೆಯ ಮಾತಿನಲ್ಲಿ 'ನಮ್ಮ ಕುಟುಂಬ' ಅಂದರೆ ಹೆಂಡತಿ ಅಂತಲೂ ಅರ್ಥವಿತ್ತು. ಅದನ್ನು ಇಲ್ಲಿ ಎಳೆದು ತರುವುದಿಲ್ಲ.)

'ಸರಣಿ' ಸುದ್ದಿಗಳಲ್ಲಿ ಬರುತ್ತದೆ, 'ಎ320 ಸರಣಿಯ ವಿಮಾನ' ಅಂತ. ಸರಣಿ ಅಂದರೆ ಒಂದಾದ ಮೇಲೆ ಒಂದು. ಈ ನಾಲ್ಕು ಹಾಗಲ್ಲ, ಅಕ್ಕಪಕ್ಕ ನಿಂತಿವೆ. ಎ321 ಬಂತು ಅಂತ ಎ320 ಕಟ್ಟುವುದನ್ನು ಯಾರೂ ನಿಲ್ಲಿಸಲಿಲ್ಲ. 'ಬಳಗ' ಕಿವಿಗೆ ಹಿತ. ಆದರೆ ಅದು ಸಡಿಲ. ಗೆಳೆಯರ ಬಳಗವೂ ಬಳಗವೇ, ಅಲ್ಲಿ ಯಾರ ಮುಖವೂ ಯಾರಂತೆಯೂ ಇರಬೇಕಿಲ್ಲ. 'ತಳಿ' ನನಗೆ ಬಹಳ ಇಷ್ಟವಾಯಿತು, ಯಾಕೆಂದರೆ ತಳಿಯನ್ನು ಬೇಕು ಅಂತ, ಒಂದು ಗುರಿ ಇಟ್ಟುಕೊಂಡು ಅಭಿವೃದ್ಧಿ ಮಾಡುತ್ತಾರೆ. ವಿಮಾನವನ್ನೂ ಹಾಗೇ ಮಾಡುತ್ತಾರೆ. ಆದರೆ ಒಂದೇ ತಳಿಯ ಭತ್ತದಲ್ಲಿ ಒಂದು ಕಾಳಿಗೂ ಇನ್ನೊಂದು ಕಾಳಿಗೂ ವ್ಯತ್ಯಾಸ ಹುಡುಕುವುದು ಕಷ್ಟ. ಇಲ್ಲಿ ಎ318ಕ್ಕೂ ಎ321ಕ್ಕೂ 13 ಮೀಟರ್ ವ್ಯತ್ಯಾಸ ಇದೆ.

ಯೋಚಿಸುತ್ತಾ ಹೋದ ಹಾಗೆ ಇನ್ನೊಂದು ತೊಡಕು ಕಂಡಿತು. ಒಂದೇ 'ಫ್ಯಾಮಿಲಿ' ಪದ ಎರಡು ನಂಟುಗಳನ್ನು ಹೊತ್ತುಕೊಂಡಿದೆ. ಒಂದು ಅಡ್ಡ ನಂಟು: ಒಂದೇ ಕಾಲದಲ್ಲಿ ಇರುವ, ಉದ್ದ ಮಾತ್ರ ಬೇರೆಯಾದ ವಿಮಾನಗಳದು. ಇನ್ನೊಂದು ಉದ್ದ ನಂಟು: ಹಳೆಯದಕ್ಕೂ ಅದನ್ನೇ ತಿದ್ದಿ ಮಾಡಿದ ಹೊಸದಕ್ಕೂ ಇರುವುದು. 2010ರ ಡಿಸೆಂಬರ್‌ನಲ್ಲಿ ಏರ್‌ಬಸ್ 'ನಿಯೋ' ಘೋಷಿಸಿತು. ಹೊಸ ಇಂಜಿನ್ ಆಯ್ಕೆ ಅನ್ನುವ ಮೂರು ಇಂಗ್ಲಿಷ್ ಪದಗಳ ಮೊದಲ ಅಕ್ಷರ ಸೇರಿಸಿ ಮಾಡಿದ ಹೆಸರು ಅದು. ಗ್ರೀಕಿನಲ್ಲೂ 'ನಿಯೋ' ಅಂದರೆ ಹೊಸದು, ಹೆಸರಿಟ್ಟವರು ಜಾಣರು. ಅದು 2014ರ ಸೆಪ್ಟೆಂಬರ್‌ನಲ್ಲಿ ಹಾರಿತು. 2016ರ ಜನವರಿಯಲ್ಲಿ ಮೊದಲನೆಯದು ಜರ್ಮನಿಯ ವಿಮಾನ ಕಂಪನಿ ಲುಫ್ತಾನ್ಸಾ ಕೈ ಸೇರಿತು. ಆಗ ಹಳೆಯದನ್ನು ಏನೆಂದು ಕರೆಯುವುದು? ಅದಕ್ಕೆ 'ಸಿಇಓ' ಅಂತ ಹೆಸರು ಬಿತ್ತು, ಸದ್ಯದ ಇಂಜಿನ್ ಆಯ್ಕೆ ಅಂತ. ಮೊಬೈಲ್ ಬರುವವರೆಗೆ ಬರೀ ಫೋನ್ ಆಗಿದ್ದದ್ದು ಆಮೇಲೆ ಲ್ಯಾಂಡ್‌ಲೈನ್ ಆಯಿತಲ್ಲ, ಹಾಗೆ.

ಹಾಗಾಗಿ ನನ್ನ ಸಲಹೆ: ಅಡ್ಡ ನಂಟಿಗೆ 'ಒಡಹುಟ್ಟು', ಉದ್ದ ನಂಟಿಗೆ 'ತಲೆಮಾರು'. 'ಎ319 ಅನ್ನುವುದು ಎ320ಯ ಗಿಡ್ಡ ಒಡಹುಟ್ಟು', 'ನಿಯೋ ಎ320ಯ ಎರಡನೆಯ ತಲೆಮಾರು'. ಓದಿ ನೋಡಿ, ಒಂದು ಸಲವೂ ಎಡವುವುದಿಲ್ಲ ಅನ್ನಿಸುತ್ತದೆ. ಎಲ್ಲವನ್ನೂ ಒಟ್ಟಿಗೆ ಹೇಳುವಾಗ 'ಕುಟುಂಬ' ಇದ್ದರೆ ಇರಲಿ.

'ತಲೆಮಾರು' ಎಷ್ಟು ಚೆನ್ನಾಗಿ ಒಪ್ಪುತ್ತದೆ ಅನ್ನಲು ಅಮೆರಿಕದ ಬೋಯಿಂಗ್ ಕಂಪನಿಯ 737 ನೋಡಬೇಕು. ಅದರ ಮೊದಲ ಹಾರಾಟ 1967ರ ಏಪ್ರಿಲ್‌ನಲ್ಲಿ. ಆಗ ಉದ್ದ 28.6 ಮೀಟರ್. ಅದರ ಹೊಸ ತಲೆಮಾರಿನ ಮ್ಯಾಕ್ಸ್ 10ರ ಉದ್ದ 43.8 ಮೀಟರ್. ನಾಲ್ಕು ತಲೆಮಾರು ಕಳೆದಿವೆ. 60ರ ದಶಕದ ಚಿಕ್ಕ ನಿಲ್ದಾಣಗಳಲ್ಲಿ ಏಣಿ, ಯಂತ್ರ ಹೆಚ್ಚು ಇರಲಿಲ್ಲ. ಹತ್ತಲು, ಸಾಮಾನು ತುಂಬಲು ಸುಲಭವಾಗಲಿ ಅಂತ ಅದನ್ನು ನೆಲಕ್ಕೆ ಹತ್ತಿರ ಇಟ್ಟರು. ಆಗಿನ ಇಂಜಿನ್ ಸಪೂರ, ತೊಂದರೆ ಆಗಲಿಲ್ಲ. ಎರಡನೆಯ ತಲೆಮಾರಿಗೆ ದಪ್ಪ ಇಂಜಿನ್ ಬಂದಾಗ ಜಾಗ ಸಾಲದೆ ಇಂಜಿನ್‌ ಕವಚದ ತಳವನ್ನೇ ಚಪ್ಪಟೆ ಮಾಡಬೇಕಾಯಿತು. ಮ್ಯಾಕ್ಸ್‌ನಲ್ಲಿ ಇಂಜಿನ್ ಇನ್ನೂ ದಪ್ಪ. ಅದನ್ನು ಮುಂದಕ್ಕೂ ಮೇಲಕ್ಕೂ ಸರಿಸಿದರು, ಮುಂದಿನ ಗಾಲಿಯ ಕಾಲನ್ನು ಸುಮಾರು 20 ಸೆಂಟಿಮೀಟರ್ ಉದ್ದ ಮಾಡಿದರು. ಇಂಜಿನ್ ಜಾಗ ಬದಲಾದದ್ದರಿಂದ ಕೆಲವು ಹೊತ್ತಿನಲ್ಲಿ ಮೂಗು ಮೇಲೇಳುವ ಗುಣ ಜಾಸ್ತಿಯಾಯಿತು. ಅದನ್ನು ಸರಿದೂಗಿಸಲು ಮೂಗನ್ನು ತಾನಾಗಿ ಕೆಳಗೆ ಒತ್ತುವ ಒಂದು ಸಾಫ್ಟ್‌ವೇರ್ ಸೇರಿಸಿದರು. ಒಂದು ಸಂವೇದಕ ತಪ್ಪು ಲೆಕ್ಕ ಕೊಟ್ಟಾಗಲೂ ಅದು ಮೂಗನ್ನು ಒತ್ತುತ್ತಲೇ ಹೋಯಿತು. 2018ರ ಅಕ್ಟೋಬರ್ ಮತ್ತು 2019ರ ಮಾರ್ಚ್‌ನ ಎರಡು ಅಪಘಾತಗಳಲ್ಲಿ 346 ಜನ ಸತ್ತರು. ತಾತನ ಗಿಡ್ಡ ಕಾಲು ಮರಿಮಗನವರೆಗೂ ಬಂದ ಕಥೆ ಇದು. 'ಸರಣಿ' ಅಂದರೆ ಇದು ಕಾಣುವುದಿಲ್ಲ, 'ತಲೆಮಾರು' ಅಂದರೆ ಕಾಣುತ್ತದೆ.

ಮುಂದಿನ ತೊಡಕು 'ಸ್ಟ್ರೆಚ್', ವಿಮಾನವನ್ನು ಉದ್ದ ಮಾಡುವುದಕ್ಕೆ ಇಂಗ್ಲಿಷ್‌ನವರ ಮಾತು. ನಿಘಂಟು ನೋಡಿ 'ಹಿಗ್ಗಿಸಿದ ಮಾದರಿ' ಅಂತ ಬರೆದವರನ್ನು ಕಂಡಿದ್ದೇನೆ. ಹಿಗ್ಗುವುದು ಅಂದರೆ ಎಲ್ಲ ಕಡೆಗೂ ಉಬ್ಬುವುದು, ಅಲ್ವಾ? ಖುಷಿಯಿಂದ ಹಿಗ್ಗುವವರೂ ಹಾಗೇ. ಎ321 ಉಬ್ಬಿಲ್ಲ, ಅಗಲ ಒಂದು ಬೆರಳೂ ಬದಲಾಗಿಲ್ಲ. 'ಎಳೆದ', 'ಜಗ್ಗಿದ' ಕೂಡ ಸುಳ್ಳು, ಏಕೆಂದರೆ ಯಾರೂ ಏನನ್ನೂ ಎಳೆಯುವುದಿಲ್ಲ. ನಿಜವಾಗಿ ಮಾಡಿದ್ದು ಏನೆಂದರೆ, ರೆಕ್ಕೆಯ ಮುಂದೆ 4.27 ಮೀಟರ್, ಹಿಂದೆ 2.67 ಮೀಟರ್ ಉದ್ದದ ಕೊಳವೆ ತುಂಡುಗಳನ್ನು ಸೇರಿಸಿದ್ದು. ದರ್ಜಿಗಳು ಲಂಗಕ್ಕೆ ಪಟ್ಟಿ ಕೊಟ್ಟು ಉದ್ದ ಮಾಡುತ್ತಾರಲ್ಲ, ಆ ಕೆಲಸ. ಬಾಲದ ಕಡೆ ಜಾಸ್ತಿ ಸೇರಿಸುತ್ತಾ ಹೋದರೆ ನೆಲ ಬಿಡುವಾಗ ಬಾಲ ರನ್‌ವೇಗೆ ತಾಗುವ ಭಯವೂ ಇರುತ್ತದೆ. ಇಂಗ್ಲಿಷ್‌ನಲ್ಲಿ ಆ ತುಂಡಿಗೆ 'ಪ್ಲಗ್' ಅನ್ನುತ್ತಾರೆ. ಕನ್ನಡದಲ್ಲಿ ಹಾಗೇ ಬರೆದರೆ ಗೋಡೆಗೆ ಚುಚ್ಚುವ ಪ್ಲಗ್ ನೆನಪಾಗುತ್ತದೆ. 'ನಡುತುಂಡು' ಅಂದರೆ ಹೇಗೆ? 'ಎರಡು ನಡುತುಂಡು ಸೇರಿಸಿ ಉದ್ದ ಮಾಡಿದ ಎ321'.

ಬರೀ ಉದ್ದ ಮಾಡಿದರು ಅಂತ ಬರೆದರೂ ಅರ್ಧ ಸತ್ಯ. ನೆಲ ಬಿಡುವಾಗಿನ ಗರಿಷ್ಠ ತೂಕ ಎ320ಯಲ್ಲಿ 78 ಟನ್ ಇದ್ದದ್ದು ಎ321ರಲ್ಲಿ 93.5 ಟನ್‌ಗೆ ಏರಿತು. ಅದಕ್ಕಾಗಿ ಗಾಲಿಗಳ ಕಾಲು ಗಟ್ಟಿ ಮಾಡಿದರು, ರೆಕ್ಕೆಯ ಹಿಂಬದಿಯ ಫ್ಲ್ಯಾಪ್‌ಗಳನ್ನು (ಏರುವಾಗ, ಇಳಿಯುವಾಗ ಚಾಚುವ ಹಲಗೆಗಳು) ಎರಡು ಸೀಳಿನವಾಗಿ ಬದಲಿಸಿದರು.

ಗಿಡ್ಡ ಮಾಡಿದ್ದಕ್ಕೆ ಏನನ್ನೋಣ? 'ಕುಗ್ಗಿಸಿದ' ಅಂದರೆ ಪಾಪ, ಎ318 ಮನಸ್ಸಿಗೆ ಬೇಜಾರು ಮಾಡಿಕೊಂಡಂತೆ ಕೇಳುತ್ತದೆ. ನನಗೆ ಹೊಳೆದದ್ದು 'ಮೊಟಕು'. ಅಧಿವೇಶನ ಮೊಟಕು ಮಾಡಿದರು ಅನ್ನುತ್ತೇವೆ. ಪೂರ್ತಿ ಇದ್ದದ್ದರಿಂದ ಒಂದಷ್ಟು ಕತ್ತರಿಸಿದ್ದು ಅನ್ನುವ ಭಾವ ಅದರಲ್ಲೇ ಇದೆ. ಇಲ್ಲಿ ಒಂದು ಸ್ವಾರಸ್ಯ: ಎ318ರ ಮೈ ಮೊಟಕಾದರೂ ಬಾಲದ ಮೇಲಿನ ನಿಂತ ರೆಕ್ಕೆ ಸುಮಾರು 80 ಸೆಂಟಿಮೀಟರ್ ಎತ್ತರ ಆಯಿತು. ಬಾಗಿಲನ್ನು ಹಿಡಿಯ ಬಳಿ ತಳ್ಳಿದರೆ ಸುಲಭ, ಕೀಲಿನ ಬಳಿ ತಳ್ಳಿದರೆ ಕಷ್ಟ. ವಿಮಾನ ತಿರುಗುವ ಕೀಲು ರೆಕ್ಕೆಯ ಬಳಿ ಇದೆ ಅಂದುಕೊಳ್ಳಿ. ಮೈ ಗಿಡ್ಡವಾದಾಗ ಬಾಲ ಆ ಕೀಲಿನ ಹತ್ತಿರ ಬಂತು, ಹಾಗಾಗಿ ಮೂಗನ್ನು ನೇರ ಹಿಡಿಯುವ ಅದೇ ಕೆಲಸಕ್ಕೆ ದೊಡ್ಡ ಬಾಲ ಬೇಕಾಯಿತು. ಇಷ್ಟೆಲ್ಲ ಮಾಡಿಯೂ ಎ318 ಮಾರಾಟವಾದದ್ದು 80 ಮಾತ್ರ. ರೆಕ್ಕೆ, ಗಾಲಿ ಎಲ್ಲ ದೊಡ್ಡ ವಿಮಾನದ್ದು, ಕೂರುವ ಜನ ಕಡಿಮೆ. ತೂಕದ ಲೆಕ್ಕ ಕೂಡಿಬರಲಿಲ್ಲ.

ಈಗ ನನ್ನನ್ನು ಜಾಸ್ತಿ ಕಾಡಿದ ಪದ: 'ಫ್ಲೈ-ಬೈ-ವೈರ್'. ಪೈಲಟ್ ಹೇಳಿದ್ದನ್ನು ರೆಕ್ಕೆ, ಬಾಲಕ್ಕೆ ವಿದ್ಯುತ್ ಸಂಕೇತವಾಗಿ ಮುಟ್ಟಿಸುವ ಬಗೆ ಅದು. ಎ320 ಹೆಸರು ಮಾಡಿದ್ದೇ ಇದರಿಂದ. ಡಿಜಿಟಲ್ ರೂಪದಲ್ಲಿ ಇದನ್ನು ತಂದ ಮೊದಲ ಪ್ರಯಾಣಿಕ ಜೆಟ್ ಅದು. ಅದಕ್ಕೂ ಮೊದಲು ಬಂದ, ಶಬ್ದಕ್ಕಿಂತ ವೇಗದ ಕಾಂಕಾರ್ಡ್ ವಿಮಾನದಲ್ಲಿ ಇದ್ದದ್ದು ಅನಲಾಗ್ ಬಗೆ. ಪೈಲಟ್ ಕೂಡ ಆಗಿದ್ದ ಇಂಜಿನಿಯರ್ ಬರ್ನಾರ್ಡ್ ಝೀಗ್ಲರ್ ಇದರ ಬೆನ್ನಿಗೆ ನಿಂತವರು. 'ತಂತಿ ಮೂಲಕ ಹಾರಾಟ' ಅನ್ನುವ ಅನುವಾದವನ್ನು ನೀವೂ ಓದಿರಬಹುದು. ಅದರಲ್ಲಿ ದೊಡ್ಡ ಎಡವಟ್ಟಿದೆ. ಹಳೆಯ ವಿಮಾನಗಳಲ್ಲಿ ಪೈಲಟ್ ಹಿಡಿ ಎಳೆದರೆ, ಕಾಲಿನಲ್ಲಿ ಪೆಡಲ್ ಒತ್ತಿದರೆ ಉಕ್ಕಿನ ತಂತಿಗಳೇ ರಾಟೆಗಳ ಮೇಲೆ ಓಡಿ ರೆಕ್ಕೆ, ಬಾಲದ ಕಡೆ ಆ ಎಳೆತವನ್ನು ಮುಟ್ಟಿಸುತ್ತಿದ್ದವು. ಅಂದರೆ ನಿಜವಾಗಿ ತಂತಿಯಿಂದ ಹಾರುತ್ತಿದ್ದದ್ದು ಹಳೆಯ ವಿಮಾನ! ಹೊಸದರಲ್ಲಿ ಆ ಎಳೆತವೇ ಇಲ್ಲ. ಹಿಡಿ ಅಲುಗಿಸಿದರೆ ಒಂದು ವಿದ್ಯುತ್ ಸಂಕೇತ ಕಂಪ್ಯೂಟರ್‌ಗೆ ಹೋಗುತ್ತದೆ, ಕಂಪ್ಯೂಟರ್ ಯೋಚಿಸಿ ಅಪ್ಪಣೆ ಕೊಡುತ್ತದೆ. ಇಂಗ್ಲಿಷ್‌ನವರಿಗೆ ಕೇಬಲ್ ಬೇರೆ, ವೈರ್ ಬೇರೆ. ನಮಗೆ ಎರಡೂ ತಂತಿಯೇ. ಹಾಗಾಗಿ ನಮ್ಮ ಅನುವಾದ ಹೊಸದನ್ನು ಹೇಳಲು ಹೋಗಿ ಹಳೆಯದನ್ನು ಹೇಳಿಬಿಡುತ್ತದೆ.

ನಾನು ಹೀಗೆ ಮಾಡಿಕೊಂಡಿದ್ದೇನೆ: ಹಳೆಯದಕ್ಕೆ 'ಉಕ್ಕಿನ ಹಗ್ಗ', ಹೊಸದಕ್ಕೆ 'ಸಂಕೇತ ಚಾಲನೆ'. ಮೊದಲ ಸಲ ಬಳಸುವಾಗ 'ಫ್ಲೈ-ಬೈ-ವೈರ್ ಅನ್ನುವ ಸಂಕೇತ ಚಾಲನೆ' ಅಂತ ಒಟ್ಟಿಗೆ ಬರೆದು, ಆಮೇಲೆ ಕನ್ನಡದ್ದು ಮಾತ್ರ. ಅಂದಹಾಗೆ ಎ320ಯಲ್ಲಿ ಉಕ್ಕಿನ ಹಗ್ಗ ಪೂರ್ತಿ ಹೋಗಿಲ್ಲ. ಎಲ್ಲ ಕೈಕೊಟ್ಟರೆ ಇರಲಿ ಅಂತ ಬಾಲದ ಒಂದೆರಡು ಭಾಗಗಳಿಗೆ ಯಾಂತ್ರಿಕ ಜೋಡಣೆ ಉಳಿಸಿದ್ದಾರೆ.

ಇದರ ಜೊತೆಗೇ 'ಯೋಕ್' ಬರುತ್ತದೆ, ಪೈಲಟ್ ಎರಡು ಕೈಯಲ್ಲಿ ಹಿಡಿಯುವ ಕೊಂಬಿನಂಥ ಚಕ್ರ. ನಿಘಂಟಿನಲ್ಲಿ 'ನೊಗ'. 'ಪೈಲಟ್ ನೊಗ ಎಳೆದರು' ಅಂತ ಬರೆದರೆ ಎತ್ತು ಯಾರು ಅಂತ ಓದುಗರು ಕೇಳುತ್ತಾರೆ. ಕೆಲವರು 'ಚುಕ್ಕಾಣಿ' ಅನ್ನುತ್ತಾರೆ. ಅದೂ ಬೇಡ, ಏಕೆಂದರೆ ಚುಕ್ಕಾಣಿ ಅಂದರೆ ದೋಣಿಯ ಹಿಂದೆ ನೀರಿನಲ್ಲಿ ತಿರುಗುವ ಹಲಗೆ. ವಿಮಾನದ ಬಾಲದಲ್ಲೂ ಅಂಥದೇ ಹಲಗೆ ಇದೆ, ಆ ಪದವನ್ನು ಅದಕ್ಕೆ ಉಳಿಸಿಕೊಳ್ಳೋಣ. ಕೈಯಲ್ಲಿ ಹಿಡಿಯುವುದಕ್ಕೆ 'ಹಿಡಿ' ಸಾಕು. ಎ320ಯಲ್ಲಿ ಆ ಚಕ್ರವೇ ಇಲ್ಲ. ಪೈಲಟ್‌ಗಳ ಪಕ್ಕದಲ್ಲಿ ಒಂದೊಂದು ಚಿಕ್ಕ ಕೋಲು ಇದೆ, ಎಡಗಡೆ ಕೂತವರಿಗೆ ಎಡಗೈಗೆ, ಬಲಗಡೆಯವರಿಗೆ ಬಲಗೈಗೆ. ಅದು 'ಪಕ್ಕಗೋಲು'. ಎರಡು ಪಕ್ಕಗೋಲುಗಳ ನಡುವೆ ಜೋಡಣೆ ಇಲ್ಲ, ಒಬ್ಬರು ಅಲುಗಿಸಿದ್ದು ಇನ್ನೊಬ್ಬರ ಕೈಗೆ ಗೊತ್ತಾಗುವುದಿಲ್ಲ. ಇದು ಒಳ್ಳೆಯದೋ ಕೆಟ್ಟದ್ದೋ ಅಂತ ಪೈಲಟ್‌ಗಳು ಈಗಲೂ ವಾದ ಮಾಡುತ್ತಾರೆ.

'ಎನ್ವಲಪ್' ನೋಡಿ ನಗು ಬಂತು. ಒಂದು ಅನುವಾದ ತಂತ್ರಾಂಶ 'ಫ್ಲೈಟ್ ಎನ್ವಲಪ್' ಅನ್ನು 'ಹಾರಾಟದ ಲಕೋಟೆ' ಮಾಡಿಕೊಟ್ಟಿತು. ವಿಮಾನ ಎಷ್ಟು ವೇಗ, ಎಷ್ಟು ಓರೆ, ಎಷ್ಟು ಹೊರೆ ತಡೆಯಬಲ್ಲದು ಅನ್ನುವ ಗಡಿ ಅದು. 'ಹಾರಾಟದ ಎಲ್ಲೆ' ಅಂದರೆ ಮುಗಿಯಿತು. ಎ320ಯ ಕಂಪ್ಯೂಟರ್‌ಗಳು ಈ ಎಲ್ಲೆ ದಾಟಲು ಬಿಡುವುದಿಲ್ಲ. ಕೋಲನ್ನು ಪೂರ್ತಿ ಪಕ್ಕಕ್ಕೆ ಒತ್ತಿ ಹಿಡಿದರೂ ವಿಮಾನ 67 ಡಿಗ್ರಿಗಿಂತ ಜಾಸ್ತಿ ವಾಲುವುದಿಲ್ಲ. ಕೈ ಬಿಟ್ಟರೆ 33 ಡಿಗ್ರಿಗೆ ವಾಪಸ್ ಬರುತ್ತದೆ. ಹೊರೆ 2.5 ಜಿ, ಅಂದರೆ ಮಾಮೂಲು ತೂಕದ ಎರಡೂವರೆ ಪಟ್ಟು, ಮೀರುವುದಿಲ್ಲ. ಈ ಕಾವಲಿನ ನಿಯಮಗಳಿಗೆ ಇಂಗ್ಲಿಷ್‌ನಲ್ಲಿ 'ಲಾ' ಅಂತ ಹೆಸರು. 'ಕಾನೂನು' ಅಂತ ಬರೆದರೆ ಕೋರ್ಟ್ ಕಚೇರಿಯ ವಾಸನೆ. 'ಸಹಜ ನಿಯಮ, ಬದಲಿ ನಿಯಮ, ನೇರ ನಿಯಮ' ಅಂತ ಬರೆದಿದ್ದೇನೆ. ಕಂಪ್ಯೂಟರ್ ಅಥವಾ ಸಂವೇದಕಗಳು ಕೆಟ್ಟಂತೆ ಮೊದಲನೆಯದರಿಂದ ಎರಡನೆಯದಕ್ಕೆ, ಮೂರನೆಯದಕ್ಕೆ ಇಳಿಯುತ್ತದೆ. ಕೊನೆಯದರಲ್ಲಿ ಕಾವಲು ಇಲ್ಲ, ಕೋಲು ಹೇಳಿದಷ್ಟು ರೆಕ್ಕೆ ಕೇಳುತ್ತದೆ.

ಇಲ್ಲೇ 'ಸ್ಟಾಲ್' ಬಗ್ಗೆ ಒಂದು ಹಳೆಯ ನೋವು ಹೇಳಿಕೊಳ್ಳಬೇಕು. ಹಿಂದೊಮ್ಮೆ ಒಂದು ಪತ್ರಿಕೆಗೆ ಬರೆದಾಗ ನಾನು 'ಸ್ಟಾಲ್' ಅಂತಲೇ ಬಿಟ್ಟಿದ್ದೆ. ಅಚ್ಚಾಗಿ ಬಂದಾಗ ಅದು 'ಇಂಜಿನ್ ಸ್ಥಗಿತ' ಆಗಿತ್ತು. ಕಾರು ಸ್ಟಾಲ್ ಆದರೆ ಇಂಜಿನ್ ನಿಲ್ಲುತ್ತದೆ, ನಿಜ. ವಿಮಾನದ ಸ್ಟಾಲ್‌ಗೂ ಇಂಜಿನ್‌ಗೂ ಸಂಬಂಧವೇ ಇಲ್ಲ. ಮೂಗು ಮಿತಿಮೀರಿ ಎತ್ತಿದಾಗ ಗಾಳಿ ರೆಕ್ಕೆಯ ಮೇಲ್ಮೈ ಬಿಟ್ಟು ಕದಡಿಹೋಗುತ್ತದೆ, ರೆಕ್ಕೆಯ ಎತ್ತುವ ಬಲ ಕುಸಿಯುತ್ತದೆ. ಆ ಹೊತ್ತಿಗೆ ಇಂಜಿನ್ ಜೋರಾಗಿಯೇ ಓಡುತ್ತಿರಬಹುದು. ನಡೆದು ನಡೆದು ಕಾಲು ಸೋತಿತು ಅನ್ನುತ್ತೇವಲ್ಲ, ಹಾಗೇ 'ರೆಕ್ಕೆ ಸೋತಿತು' ಅನ್ನಬಹುದಾ? ಹೆಸರುಪದ ಬೇಕಾದಾಗ 'ರೆಕ್ಕೆಸೋಲು'. ತಪ್ಪು ತಿಳಿಯುವವರು ಇದ್ದರೂ ಇಂಜಿನ್ ಕಡೆಗಂತೂ ಹೋಗುವುದಿಲ್ಲ.

ಉಳಿದವು ಬೇಗ ಮುಗಿಯುತ್ತವೆ. ನಡುವೆ ಒಂದೇ ದಾರಿ, ಆಚೀಚೆ ಮೂರು ಮೂರು ಸೀಟು ಇರುವ ವಿಮಾನಕ್ಕೆ 'ಒಂಟಿ ಓಣಿ ವಿಮಾನ'. ಇಂಜಿನ್ನಿನ 'ಬೈಪಾಸ್' ಹಾಗೇ ಇರಲಿ, ಊರ ಹೊರಗಿನ ಬೈಪಾಸ್ ರಸ್ತೆ ಗೊತ್ತಿರುವವರಿಗೆಲ್ಲ ಅರ್ಥವಾಗುತ್ತದೆ. ನಿಯೋಗೆ ಸಿಗುವ ಎರಡು ಇಂಜಿನ್‌ಗಳಲ್ಲಿ ಒಂದಾದ ಲೀಪ್‌ನಲ್ಲಿ ಉರಿಯುವ ನಡುಭಾಗಕ್ಕೆ ಒಂದು ಪಾಲು ಗಾಳಿ ಹೋದರೆ ಬೈಪಾಸ್‌ನಲ್ಲಿ ಸುಮಾರು 11 ಪಾಲು ಹೋಗುತ್ತದೆ. ಹಳೆಯದರಲ್ಲಿ ಇದು 6ರ ಆಸುಪಾಸು. ಮುಂದಿನ ಬೀಸಣಿಗೆಯ ಅಗಲ 1.73 ಮೀಟರ್‌ನಿಂದ 1.98ಕ್ಕೆ ಬಂತು, ಇನ್ನೊಂದು ಆಯ್ಕೆಯಾದ ಪ್ರ್ಯಾಟ್ ಅಂಡ್ ವಿಟ್ನಿ ಇಂಜಿನ್‌ನಲ್ಲಿ 2.06ಕ್ಕೆ.

'ಕಾಮನಾಲಿಟಿ'ಯನ್ನು ದಯವಿಟ್ಟು 'ಸಾಮಾನ್ಯತೆ' ಮಾಡಬೇಡಿ. ಹಳೆಯದಕ್ಕೂ ನಿಯೋಗೂ ಒಡಲಿನ ಭಾಗಗಳು ಶೇ 95ರಷ್ಟು ಒಂದೇ ಅಂತ ಏರ್‌ಬಸ್ ಹೇಳಿಕೊಂಡಿತ್ತು. ಅದನ್ನು 'ಶೇ 95 ಸಾಮಾನ್ಯತೆ' ಅಂದರೆ ವಿಮಾನ ಅಷ್ಟೇನೂ ವಿಶೇಷ ಅಲ್ಲ ಅಂದಂತೆ. 'ಶೇ 95 ಒಂದೇ' ಅಂದರೆ ಸಾಕು. 'ರಿಡಂಡೆನ್ಸಿ' ಕೂಡ ಹೀಗೇ. ನಿಘಂಟಿನಲ್ಲಿ 'ಅನಗತ್ಯ' ಅಂತಿದೆ. ಎ320ಯಲ್ಲಿ ಹಾರಾಟ ನೋಡಿಕೊಳ್ಳುವ ಕಂಪ್ಯೂಟರ್ ಏಳು, ಹೈಡ್ರಾಲಿಕ್ ಕೊಳವೆಜಾಲ ಹಸಿರು, ನೀಲಿ, ಹಳದಿ ಅಂತ ಮೂರು. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ. ಅದನ್ನು ಅನಗತ್ಯ ಅಂದರೆ ಹತ್ತಿ ಕೂತವರು ಇಳಿದುಬಿಟ್ಟಾರು! 'ಒತ್ತಾಸೆ' ಅಂತ ಬರೆದಿದ್ದೇನೆ. 'ಮೂರು ಪಟ್ಟು ಒತ್ತಾಸೆ'.

ಕೊನೆಗೆ ನನಗೆ ಬಹಳ ಇಷ್ಟವಾದದ್ದು. ರೆಕ್ಕೆಯ ತುದಿಯಲ್ಲಿ ಮೇಲಕ್ಕೆ ಬಾಗಿರುವ ಭಾಗ, 'ವಿಂಗ್‌ಲೆಟ್'. ಮೊದಲ 21 ಎ320ಗಳಿಗೆ ಅಲ್ಲಿ ಏನೂ ಇರಲಿಲ್ಲ. ಆಮೇಲಿನವಕ್ಕೆ ಮೇಲೂ ಕೆಳಗೂ ಚಾಚಿದ, ಬೇಲಿಯಂಥ ಪುಟ್ಟ ಹಲಗೆ ಬಂತು. 2012ರ ಕೊನೆಯಿಂದ 2.4 ಮೀಟರ್ ಎತ್ತರದ, ಮೇಲಕ್ಕೆ ಬಾಗಿದ್ದು ಬಂತು, ಅದಕ್ಕೆ ಏರ್‌ಬಸ್ ಇಟ್ಟ ಹೆಸರು 'ಶಾರ್ಕ್‌ಲೆಟ್'. ರೆಕ್ಕೆಯ ಕೆಳಗಿನ ಗಾಳಿ ತುದಿಯಲ್ಲಿ ಸುತ್ತಿ ಮೇಲೆ ನುಗ್ಗಿ ಸುಳಿಯಾಗುತ್ತದೆ. ಆ ಸುಳಿ ವಿಮಾನವನ್ನು ಹಿಂದಕ್ಕೆ ಹಿಡಿದಂತೆ. ಈ ಬಾಗು ಸುಳಿಯನ್ನು ಸಣ್ಣದು ಮಾಡುತ್ತದೆ, ದೂರದ ಹಾರಾಟದಲ್ಲಿ ಇಂಧನ ಶೇ 4ರವರೆಗೆ ಉಳಿಯುತ್ತದೆ ಅಂತ ಕಂಪನಿಯ ಲೆಕ್ಕ. 'ಕಿರುರೆಕ್ಕೆ' ಅಂತ ಕೆಲವರು ಬರೆಯುತ್ತಾರೆ. ಅದು ಇನ್ನೊಂದು ಚಿಕ್ಕ ರೆಕ್ಕೆ ಬೇರೆ ಎಲ್ಲೋ ಇದೆ ಅನ್ನಿಸುತ್ತದೆ. ನಮ್ಮಲ್ಲಿ ತುದಿಗೆ 'ಕುಡಿ' ಅನ್ನುವ ಪದ ಇದೆ. ಕುಡಿಗಣ್ಣು, ಬಾಳೆಯ ಕುಡಿ, ಅದಕ್ಕಿಂತ ಹೆಚ್ಚಾಗಿ ಕುಡಿಮೀಸೆ. ತುದಿ ತಿರುಚಿ ಮೇಲೆತ್ತಿದ ಮೀಸೆ. ಕಿಟಕಿಯಿಂದ ಆ ರೆಕ್ಕೆ ನೋಡಿದಾಗೆಲ್ಲ ನನಗೆ ಅದೇ ನೆನಪಾಗುತ್ತದೆ. 'ರೆಕ್ಕೆಕುಡಿ' ಅಂತ ಬರೆದಿದ್ದೇನೆ.

ಎರಡು ಕಕಾರ ಒಟ್ಟಿಗೆ ಬಂದು ಬಾಯಿಗೆ ಸ್ವಲ್ಪ ತೊಡರುತ್ತದೆ ಅಂತ ನನ್ನ ಅನುಮಾನ. ಗಟ್ಟಿಯಾಗಿ ಓದಿ ಹೇಳಿ. 'ರೆಕ್ಕೆಗುಡಿ' ಮಾಡಿದರೆ ಸಂಧಿ ಸರಿಹೋಗುತ್ತದೆ, ಆದರೆ ಅಲ್ಲಿ ದೇವಸ್ಥಾನ ಬಂದು ಕೂರುತ್ತದೆ. ಏನು ಮಾಡೋಣ?